ಹಿಟ್ಟಿನ ಗಿರಣಿ ಎಲ್ಲಿದೆ? ಖಾಲಿ ನಗರಗಳನ್ನು ನೋಡಿ ಪ್ಲಾಟ್ ಆರಿಸುವ ಬಗೆ

ಹೋದ ವರ್ಷ ದೀಪಾವಳಿ ಮುಗಿದ ಮೇಲೆ ನಮ್ಮ ಅಕ್ಕ ಮತ್ತು ಭಾವ ಕಲಬುರಗಿಯಲ್ಲಿ ಜಾಗ ಹುಡುಕಲು ಶುರು ಮಾಡಿದರು. ಭಾವನಿಗೆ ನಿವೃತ್ತಿಯ ಹಣ ಬಂದಿತ್ತು. ಅದು ಬಿಟ್ಟರೆ ಬೇರೆ ಗಂಟು ಇಲ್ಲ. ತಪ್ಪು ಜಾಗಕ್ಕೆ ಹಾಕಿದರೆ ಎರಡನೇ ಸಲಕ್ಕೆ ಕೈಯಲ್ಲಿ ಏನೂ ಉಳಿಯುವುದಿಲ್ಲ.

ಅವರ ಮುಂದೆ ನಾಲ್ಕು ದಾರಿಗಳಿದ್ದವು. ಒಂದು, ರಿಂಗ್ ರೋಡ್ ದಾಟಿ ಬಹಳ ಮುಂದೆ ಎದ್ದಿರುವ ಹೊಸ ಟೌನ್‌ಶಿಪ್. ಎರಡು, ನಗರಾಭಿವೃದ್ಧಿ ಪ್ರಾಧಿಕಾರದ ಬಡಾವಣೆಯಲ್ಲಿ ಯಾರೋ ಮಾರುತ್ತಿದ್ದ ಚಿಕ್ಕ ಪ್ಲಾಟ್. ಮೂರು, ಬ್ರಹ್ಮಪುರದ ಕಡೆ ಒಂದು ಹಳೆ ಮನೆ. ನಾಲ್ಕು, ಮಗ ಕೆಲಸ ಮಾಡುವ ಪುಣೆಯ ಹೊರಗೆ ಇನ್ನೂ ಕಟ್ಟುತ್ತಿರುವ ಹೊಸ ನಗರವೊಂದರಲ್ಲಿ ಫ್ಲಾಟ್.

ಟೌನ್‌ಶಿಪ್ ನೋಡಲು ನಾನೂ ಹೋಗಿದ್ದೆ. ನಲವತ್ತು ಅಡಿ ಡಾಂಬರು ರಸ್ತೆ, ಎರಡೂ ಬದಿ ದೀಪದ ಕಂಬ, ದೊಡ್ಡ ಕಮಾನು, ಮಕ್ಕಳ ಜಾರುಬಂಡಿ. ಎಲ್ಲ ಇತ್ತು. ಮಕ್ಕಳು ಇರಲಿಲ್ಲ. ಅಕ್ಕ ಕಾರಿನಿಂದ ಇಳಿದು ಸುತ್ತ ನೋಡಿ ಅಲ್ಲಿದ್ದ ಹುಡುಗನನ್ನು ಒಂದೇ ಪ್ರಶ್ನೆ ಕೇಳಿದಳು: "ತಮ್ಮಾ, ಇಲ್ಲಿ ಜೋಳ ಎಲ್ಲಿ ಬೀಸಸ್ತಾರಪ್ಪ?" ಹುಡುಗನಿಗೆ ಉತ್ತರ ಗೊತ್ತಿರಲಿಲ್ಲ. ಗಿರಣಿ ಐದು ಕಿಲೋಮೀಟರ್ ಹಿಂದೆ ಇತ್ತು.

ನಾನು ಅಂದಿನಿಂದ ಈ ಪ್ರಶ್ನೆಯನ್ನು ಬಿಟ್ಟಿಲ್ಲ. ನಮ್ಮ ಕಡೆ ಜೋಳದ ಹಿಟ್ಟನ್ನು ತಿಂಗಳುಗಟ್ಟಲೆ ಇಟ್ಟುಕೊಳ್ಳುವುದಿಲ್ಲ. ಹಳೆಯದಾದರೆ ರೊಟ್ಟಿ ಬಡಿಯುವಾಗ ಒಡೆಯುತ್ತದೆ. ವಾರಕ್ಕೋ ಹದಿನೈದು ದಿನಕ್ಕೋ ಡಬ್ಬಿ ಹೊತ್ತು ಗಿರಣಿಗೆ ಹೋಗಲೇಬೇಕು. ಗಿರಣಿ ಇಡುವವನು ಕರಪತ್ರ ನೋಡಿ ಇಡುವುದಿಲ್ಲ, ಒಲೆ ಹೊತ್ತುವ ಮನೆಗಳನ್ನು ಎಣಿಸಿ ಇಡುತ್ತಾನೆ. ಅವನ ಲೆಕ್ಕ ತಪ್ಪುವುದು ಬಹಳ ಕಡಿಮೆ.

ಆ ಚಳಿಗಾಲದಲ್ಲಿ ನಾನು ಜಗತ್ತಿನ ಖಾಲಿ ನಗರಗಳ ಬಗ್ಗೆ ಸಿಕ್ಕಿದ್ದನ್ನೆಲ್ಲ ಓದಿದೆ. ಕೋಟಿಗಟ್ಟಲೆ ಸುರಿದು, ದೊಡ್ಡ ದೊಡ್ಡ ಎಂಜಿನಿಯರುಗಳು ನಕ್ಷೆ ಬರೆದು ಕಟ್ಟಿದ ಊರುಗಳು. ಕೆಲವು ವರ್ಷಗಟ್ಟಲೆ ಖಾಲಿ ಇದ್ದು ಆಮೇಲೆ ತುಂಬಿದವು. ಕೆಲವು ಇನ್ನೂ ಖಾಲಿ ಇವೆ. ಈ ಎರಡು ಬಗೆಯ ನಡುವಿನ ವ್ಯತ್ಯಾಸ ತಿಳಿದರೆ ನಮ್ಮ ಊರಿನ ಪ್ಲಾಟ್ ಆರಿಸುವುದು ಸುಲಭವಾಗುತ್ತದೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಶಾಲೆ ಬಂದ ಊರು, ಬೀಚು ತೋರಿಸಿದ ಊರು

ಚೀನಾದ ಒಳ ಮಂಗೋಲಿಯಾದಲ್ಲಿ ಓರ್ಡೋಸ್ ಎಂಬ ಊರಿದೆ. ಕಲ್ಲಿದ್ದಲಿನಿಂದ ಅಲ್ಲಿ ವಿಪರೀತ ಹಣ ಬಂತು. ಹಳೆ ಪೇಟೆಯಿಂದ ದೂರದಲ್ಲಿ ಕಾಂಗ್‌ಬಾಶಿ ಎಂಬ ಹೊಸ ನಗರದ ಕೆಲಸ 2000ರ ದಶಕದ ಮೊದಲ ಭಾಗದಲ್ಲಿ ಶುರುವಾಯಿತು. ಮೊದಲು 10 ಲಕ್ಷ ಜನರ ಲೆಕ್ಕ ಹಾಕಿದ್ದರು. ಆಮೇಲೆ ಅದನ್ನು 3 ಲಕ್ಷಕ್ಕೆ ಇಳಿಸಿದರು. 2009ರ ಹೊತ್ತಿಗೆ ವಿಶಾಲ ಚೌಕಗಳು, ವಸ್ತುಸಂಗ್ರಹಾಲಯ, ಸಾಲು ಸಾಲು ಫ್ಲಾಟುಗಳು ಎದ್ದಿದ್ದವು. ಬೀದಿಯಲ್ಲಿ ಜನ ಇರಲಿಲ್ಲ. ಜಗತ್ತಿನ ಪತ್ರಕರ್ತರೆಲ್ಲ ಬಂದು ಫೋಟೋ ತೆಗೆದು "ದೆವ್ವದ ಊರು" ಎಂದು ಹೆಸರಿಟ್ಟು ಹೋದರು.

ಆದರೆ ಅದರ ಕಥೆ ಅಲ್ಲಿಗೆ ಮುಗಿಯಲಿಲ್ಲ. ಸರ್ಕಾರಿ ಕಚೇರಿಗಳನ್ನು ಅಲ್ಲಿಗೆ ತಂದಿದ್ದರು. ಮುಂದೆ ಓರ್ಡೋಸಿನ ಹೆಸರಾದ ಪ್ರೌಢಶಾಲೆಯನ್ನೂ ತಂದರು. ತಂದೆ ತಾಯಿಗಳು ಶಾಲೆಯ ಹಿಂದೆ ಬಂದರು. ಜಮೀನು ಕಳೆದುಕೊಂಡ ಸುತ್ತಲ ಹಳ್ಳಿಯವರಿಗೆ ಅಲ್ಲೇ ಫ್ಲಾಟ್ ಕೊಟ್ಟರು. ಇಂದು ಅಲ್ಲಿ 1 ಲಕ್ಷಕ್ಕಿಂತ ಜಾಸ್ತಿ ಜನ ಇದ್ದಾರೆ. ಕನಸು ಕಂಡಷ್ಟು ಬಂದಿಲ್ಲ, ನಿಜ. ಆದರೆ ಬೆಳಗ್ಗೆ ಮಕ್ಕಳು ಚೀಲ ಹಾಕಿಕೊಂಡು ನಡೆಯುವ ಊರು ಅದು.

ಇದರ ಪಕ್ಕದಲ್ಲಿ ಮಲೇಷ್ಯಾದ ಫಾರೆಸ್ಟ್ ಸಿಟಿಯನ್ನು ಇಟ್ಟು ನೋಡಿ. ಸಿಂಗಾಪುರದ ಎದುರಿಗೆ ಜೋಹೋರ್ ರಾಜ್ಯದಲ್ಲಿ ಸಮುದ್ರ ತುಂಬಿಸಿ ನಾಲ್ಕು ದ್ವೀಪಗಳನ್ನು ಮಾಡುವ ಯೋಜನೆ. ಕಂಟ್ರಿ ಗಾರ್ಡನ್ ಎಂಬ ಚೀನಾದ ಕಂಪನಿ, 10,000 ಕೋಟಿ ಡಾಲರ್ ಮೊತ್ತ, 7 ಲಕ್ಷ ಜನರ ಗುರಿ. ಫ್ಲಾಟುಗಳನ್ನು ಹೆಚ್ಚಾಗಿ ಮಾರಿದ್ದು ಚೀನಾದ ಮಧ್ಯಮವರ್ಗದವರಿಗೆ. ಅವರಲ್ಲಿ ಬಹಳ ಜನ ಅಲ್ಲಿ ಇರಲು ಕೊಂಡವರಲ್ಲ. ಬೆಲೆ ಏರಲಿ ಎಂದು ಕೊಂಡವರು. 2017ರ ಸುಮಾರಿಗೆ ಚೀನಾ ಸರ್ಕಾರ ಹೊರದೇಶಕ್ಕೆ ಹಣ ಸಾಗಿಸುವುದನ್ನು ಬಿಗಿ ಮಾಡಿತು. 2018ರಲ್ಲಿ ಮಲೇಷ್ಯಾದ ಆಗಿನ ಪ್ರಧಾನಿ ಮಹಾತಿರ್, ವಿದೇಶಿಯರು ಅಲ್ಲಿ ಬಂದು ನೆಲೆಸಲು ಬಿಡುವುದಿಲ್ಲ ಎಂದರು. ಮೇಲಿಂದ ಕೊರೊನಾ ಬಂತು. 2023ರಲ್ಲಿ ಆ ಕಂಪನಿಯೇ ಸಾಲ ತೀರಿಸಲಾಗದ ಸ್ಥಿತಿಗೆ ಬಂತು. 7 ಲಕ್ಷದ ಊರಿನಲ್ಲಿ ಕೆಲವು ಸಾವಿರ ಜನ ಇದ್ದಾರೆ.

ಎರಡೂ ಕಡೆ ಕಟ್ಟಡ ಚೆನ್ನಾಗಿದ್ದವು. ಎರಡೂ ಕಡೆ ರಸ್ತೆ ಅಗಲ ಇದ್ದವು. ಕಾಂಗ್‌ಬಾಶಿಗೆ ನಾಳೆ ಬೆಳಗ್ಗೆ ಹೋಗಲು ಜನರಿಗೆ ಒಂದು ಕೆಲಸ ಇತ್ತು. ಫಾರೆಸ್ಟ್ ಸಿಟಿಗೆ ಇರಲಿಲ್ಲ. ನನ್ನ ಮಟ್ಟಿಗೆ ಇಡೀ ಲೇಖನದ ತಿರುಳು ಇದೇ. ಕೊಂಡವರು ಎಷ್ಟು ಜನ ಎಂದು ಕೇಳಬೇಡಿ, ಇರಲು ಬಂದವರು ಎಷ್ಟು ಎಂದು ಕೇಳಿ. "ಎಲ್ಲಾ ಪ್ಲಾಟ್ ಬುಕ್ ಆಗ್ಯಾವ್ರಿ, ಎರಡೇ ಉಳಿದಾವ" ಎಂದು ಏಜೆಂಟ್ ಹೇಳಿದರೆ ನನಗೆ ಈಗ ಧೈರ್ಯ ಬರುವುದಿಲ್ಲ, ಭಯ ಬರುತ್ತದೆ. ಎಲ್ಲ ಮಾರಾಟವಾಗಿ ಒಂದು ಮನೆಯೂ ಏಳದಿದ್ದರೆ, ಕೊಂಡವರೆಲ್ಲ ಇನ್ನೊಬ್ಬರು ಕೊಳ್ಳಲಿ ಎಂದು ಕಾಯುತ್ತಿದ್ದಾರೆ ಎಂದು ಅರ್ಥ ಅಲ್ವಾ?

ಬೆಲೆ ಇಳಿದಾಗ ತುಂಬಿದ ಕಿಲಾಂಬಾ

ಆಫ್ರಿಕಾದ ಅಂಗೋಲಾ ದೇಶದಲ್ಲಿ, ರಾಜಧಾನಿ ಲುವಾಂಡಾದ ಹೊರಗೆ, ಕಿಲಾಂಬಾ ಎಂಬ ನಗರವನ್ನು ಚೀನಾದ ಸಿಟಿಕ್ ಕಂಪನಿ ಕಟ್ಟಿತು. ಎಂಟು ಮಹಡಿಯ 750 ಕಟ್ಟಡಗಳು, 5 ಲಕ್ಷ ಜನರಿಗೆ ಜಾಗ. 2011ರಲ್ಲಿ ಉದ್ಘಾಟನೆಯಾಯಿತು. ಮುಂದಿನ ವರ್ಷ ಬಿಬಿಸಿ ಹೋಗಿ ನೋಡಿದಾಗ ಮಾರಾಟಕ್ಕಿಟ್ಟ ಮೊದಲ 2,800 ಫ್ಲಾಟುಗಳಲ್ಲಿ 220 ಮಾತ್ರ ಹೋಗಿದ್ದವು. ಜನರಿಗೆ ಮನೆ ಬೇಡವಾಗಿತ್ತು ಎಂದಲ್ಲ. ಲುವಾಂಡಾದ ಕೊಳಗೇರಿಗಳಲ್ಲಿ ಲಕ್ಷಗಟ್ಟಲೆ ಜನ ಒತ್ತೊತ್ತಾಗಿ ಬದುಕುತ್ತಿದ್ದರು. ಎಲ್ಲಕ್ಕಿಂತ ಸಣ್ಣ ಫ್ಲಾಟಿಗೇ 1,20,000 ಡಾಲರ್ ಮೇಲಿತ್ತು. ಕೊಳ್ಳುವ ಶಕ್ತಿ ಯಾರಿಗೂ ಇರಲಿಲ್ಲ.

2013ರಲ್ಲಿ ಸರ್ಕಾರ ಬೆಲೆಯನ್ನು 70,000 ಡಾಲರಿಗೆ ಇಳಿಸಿತು. ಕಡಿಮೆ ಬಡ್ಡಿಗೆ ಬಹಳ ವರ್ಷಗಳ ಕಂತು ಕೊಟ್ಟಿತು. ಜನ ರಾತ್ರಿಯಿಡೀ ಸರದಿಯಲ್ಲಿ ನಿಂತರು. ಊರು ತುಂಬಿತು.

ಕಿಲಾಂಬಾ ನನಗೆ ಬಹಳ ಇಷ್ಟದ ಉದಾಹರಣೆ. ಖಾಲಿ ಊರು ಅಂದರೆ ಕೆಟ್ಟ ಊರು ಅಂತಲೇ ಅಲ್ಲ ಎಂದು ಅದು ತೋರಿಸುತ್ತದೆ. ಹತ್ತಿರದಲ್ಲಿ ನಿಜವಾದ ಜನ, ನಿಜವಾದ ಬೇಡಿಕೆ ಇದ್ದು ಬೆಲೆ ಮಾತ್ರ ತಪ್ಪಿದ್ದರೆ, ಆ ರೋಗಕ್ಕೆ ಮದ್ದು ಇದೆ. ಟರ್ಕಿಯ ಬುರ್ಜ್ ಅಲ್ ಬಾಬಾಸ್ ನೋಡಿ. ಬೋಲು ಪ್ರಾಂತದ ಗುಡ್ಡದಲ್ಲಿ 732 ಕೋಟೆಯಾಕಾರದ ಬಂಗಲೆಗಳ ಯೋಜನೆ. ಒಂದರಂತೆ ಒಂದು, ಎಲ್ಲಕ್ಕೂ ನೀಲಿ ಬೂದು ಗೋಪುರ. ಕೊಲ್ಲಿ ದೇಶಗಳ ಶ್ರೀಮಂತರು ರಜೆಗೆ ಬರುತ್ತಾರೆ ಎಂಬ ಲೆಕ್ಕ. 2018ರಲ್ಲಿ ಕಂಪನಿ ದಿವಾಳಿಯಾಯಿತು. ಅಲ್ಲಿ ಬೆಲೆ ಇಳಿಸಿದರೂ ದಿನಾ ಬಂದು ಬದುಕುವ ಜನ ಅಷ್ಟು ಯಾರು?

ಹಾಗಾಗಿ ಕಲಬುರಗಿಯ ಒಂದು ಬಡಾವಣೆ ಖಾಲಿ ಕಂಡರೆ ಮೊದಲು ಕೇಳಬೇಕಾದ್ದು: ಇದು ಕಿಲಾಂಬಾನಾ, ಬುರ್ಜ್ ಅಲ್ ಬಾಬಾಸಾ? ಹತ್ತಿರದ ಓಣಿಗಳಲ್ಲಿ ಬಾಡಿಗೆ ಮನೆ ಸಿಗದೆ ಜನ ಒದ್ದಾಡುತ್ತಿದ್ದಾರಾ? ಹೌದಾದರೆ ಇಂದಲ್ಲ ನಾಳೆ ಇಲ್ಲಿಗೆ ಬರುತ್ತಾರೆ. ಬಾಡಿಗೆ ಎಷ್ಟಿದೆ ಎಂದು ವಿಚಾರಿಸಿದರೆ ಸಾಕು, ಊರಿನ ನಾಡಿ ಸಿಕ್ಕಿತು. ಪ್ಲಾಟಿನ ಬೆಲೆಯನ್ನು ಏಜೆಂಟ್ ಏರಿಸಬಹುದು. ಬಾಡಿಗೆಯನ್ನು ಏರಿಸಲು ಅವನಿಂದ ಆಗುವುದಿಲ್ಲ.

ನಮ್ಮ ದೇಶದವು

ಪುಣೆಯ ಫ್ಲಾಟಿನ ಮಾತು ಬಂದಾಗಲೆಲ್ಲ ನಾನು ಭಾವನಿಗೆ ಲವಾಸಾದ ಕಥೆ ಹೇಳಿದೆ. ಕಲಬುರಗಿಯಿಂದ ಪುಣೆಗೆ ದುಡಿಯಲು ಹೋಗುವವರು ಎಷ್ಟೋ ಜನ. ರಜೆಯಲ್ಲಿ ಲವಾಸಾ ನೋಡಿ ಬಂದವರೂ ಇದ್ದಾರೆ. ಪುಣೆ ಜಿಲ್ಲೆಯ ಮುಳಶಿ ತಾಲ್ಲೂಕಿನಲ್ಲಿ, ವರಸಗಾವ್ ಜಲಾಶಯದ ದಡದಲ್ಲಿ, ಇಟಲಿಯ ಪೋರ್ಟೊಫಿನೋ ಮಾದರಿಯಲ್ಲಿ ಕಟ್ಟಿದ ಬೆಟ್ಟದ ನಗರ ಅದು. ಅದರ ಬೆನ್ನಿಗೆ ಇದ್ದದ್ದು ಎಚ್‌ಸಿಸಿ ಎಂಬ ನಿರ್ಮಾಣ ಕಂಪನಿ. 2010ರ ನವೆಂಬರ್‌ನಲ್ಲಿ ಕೇಂದ್ರದ ಪರಿಸರ ಸಚಿವಾಲಯ ಕೆಲಸ ನಿಲ್ಲಿಸಲು ಹೇಳಿತು. ಮುಂದೆ ಷರತ್ತಿನ ಮೇಲೆ ಒಪ್ಪಿಗೆ ಸಿಕ್ಕರೂ ಅಷ್ಟರಲ್ಲಿ ಸಾಲ ಬೆಳೆದಿತ್ತು. 2018ರಲ್ಲಿ ವಿಷಯ ದಿವಾಳಿ ನ್ಯಾಯಮಂಡಳಿಗೆ ಹೋಯಿತು. ಫ್ಲಾಟಿಗೆ ಹಣ ಕಟ್ಟಿದವರು ಬ್ಯಾಂಕುಗಳ ಜೊತೆ ಸಾಲಿನಲ್ಲಿ ನಿಂತು ಕಾಯಬೇಕಾಯಿತು. ಬಣ್ಣದ ಮನೆಗಳು ಕೆರೆಯ ದಡದಲ್ಲಿ ಈಗಲೂ ಚೆಂದ ಕಾಣುತ್ತವೆ. ಐದು ಪಟ್ಟಣಗಳ ಯೋಜನೆಯಲ್ಲಿ ಕಣ್ಣಿಗೆ ಕಾಣುವಷ್ಟು ಎದ್ದದ್ದು ಮೊದಲನೆಯದಾದ ದಾಸವೆ.

ಒಂದೇ ಕಂಪನಿಯ ಉಸಿರಿನ ಮೇಲೆ ನಿಂತ ಊರಿನ ಕಷ್ಟ ಇದು. ಕಸ ಎತ್ತುವವರು ಅವರೇ, ನೀರು ಬಿಡುವವರು ಅವರೇ, ದೀಪ ಹಚ್ಚುವವರು ಅವರೇ. ಅವರು ಕುಸಿದರೆ ನಿಮ್ಮ ಮನೆಯ ನಲ್ಲಿಯೂ ಒಣಗುತ್ತದೆ.

ಸರ್ಕಾರ ಕಟ್ಟಿದ ಊರಾದರೆ ಸುರಕ್ಷಿತ ಅಂದುಕೊಳ್ಳುತ್ತೇವೆ. ಅರ್ಧ ನಿಜ. ಆಂಧ್ರದ ಹೊಸ ರಾಜಧಾನಿ ಅಮರಾವತಿಗೆ 2015ರ ಅಕ್ಟೋಬರ್ 22ರಂದು ಅಡಿಗಲ್ಲು ಬಿತ್ತು. ರೈತರು 33,000 ಎಕರೆಗೂ ಹೆಚ್ಚು ಜಮೀನನ್ನು ತಾವಾಗಿ ಕೊಟ್ಟರು. ಅದಕ್ಕೆ ಬದಲಾಗಿ ಅಭಿವೃದ್ಧಿಯಾದ ಪ್ಲಾಟ್ ಮತ್ತು ವರ್ಷ ವರ್ಷ ಇಷ್ಟು ಎಂದು ಹಣ ಕೊಡುವ ಒಪ್ಪಂದ. 2019ರಲ್ಲಿ ಸರ್ಕಾರ ಬದಲಾಯಿತು. ಮೂರು ರಾಜಧಾನಿಗಳ ಮಾತು ಬಂತು. ಕೆಲಸ ನಿಂತಿತು. ಅರ್ಧ ಎದ್ದ ಕಟ್ಟಡಗಳ ಸುತ್ತ ಗಿಡ ಬೆಳೆದವು. ಭೂಮಿ ಕೊಟ್ಟ ಹೆಣ್ಣುಮಕ್ಕಳು ವರ್ಷಗಟ್ಟಲೆ ಧರಣಿ ಕೂತರು. 2024ರಲ್ಲಿ ಸರ್ಕಾರ ಮತ್ತೆ ಬದಲಾದ ಮೇಲೆ ಕೆಲಸ ಮತ್ತೆ ಶುರುವಾಯಿತು. ಅಲ್ಲಿ ಪ್ಲಾಟ್ ಹಿಡಿದವರ ಬದುಕು ಚುನಾವಣೆಯಿಂದ ಚುನಾವಣೆಗೆ ತೂಗಾಡಿತು. ಆ ತಾಯಂದಿರ ಸಿಟ್ಟು ನನಗೆ ಅರ್ಥವಾಗುತ್ತದೆ. ಹೊಲ ಹೋಯಿತು, ಊರು ಬರಲಿಲ್ಲ.

ಛತ್ತೀಸಗಢದ ನವ ರಾಯಪುರ ಬೇರೆ ರೀತಿ. 2012ರಲ್ಲಿ ಸಚಿವಾಲಯ ಅಲ್ಲಿಗೆ ಹೋಯಿತು. ರಸ್ತೆ, ನೀರು, ಕಚೇರಿ ಎಲ್ಲ ಇವೆ. ಆದರೆ ನೌಕರರು ಎಷ್ಟೋ ವರ್ಷ ಹಳೆ ರಾಯಪುರದಿಂದಲೇ ಬಸ್ಸಿನಲ್ಲಿ ಬಂದು ಸಂಜೆ ವಾಪಸು ಹೋದರು. ಮಕ್ಕಳ ಶಾಲೆ, ಸಂತೆ, ನೆಂಟರು ಎಲ್ಲ ಹಳೆ ಊರಿನಲ್ಲಿ. ಮ್ಯಾನ್ಮಾರ್‌ನ ನೇಪಿಡಾ ಕಥೆಯೂ ಹತ್ತಿರ ಹತ್ತಿರ ಇದೇ. 2005ರಲ್ಲಿ ಸೇನಾ ಸರ್ಕಾರ ರಾಜಧಾನಿಯನ್ನು ಅಲ್ಲಿಗೆ ಒಯ್ದಿತು, ಇಪ್ಪತ್ತು ಲೇನಿನ ರಸ್ತೆ ಹಾಕಿತು. ಆ ರಸ್ತೆಯಲ್ಲಿ ಗಾಡಿಗಳನ್ನು ಬೆರಳಲ್ಲಿ ಎಣಿಸಬಹುದು. ಕಚೇರಿ ಒಂದರಿಂದ ಹಗಲು ತುಂಬುತ್ತದೆ, ರಾತ್ರಿ ತುಂಬುವುದಿಲ್ಲ.

ಚಂಡೀಗಢ ತುಂಬಿತಲ್ಲ ಎಂದು ಕೇಳಬಹುದು. ತುಂಬಿತು. ದೇಶ ವಿಭಜನೆಯಾಗಿ ಪಂಜಾಬಿಗೆ ಲಾಹೋರ್ ಕೈತಪ್ಪಿತ್ತು. ಮನೆ ಕಳೆದುಕೊಂಡು ಬಂದ ಜನರಿಗೆ ನೆಲೆ ಬೇಕಿತ್ತು. ಬಂದವರಿಗೆ ಹಿಂದೆ ಹೋಗಲು ಊರೇ ಇರಲಿಲ್ಲ.

ಭೀಮಾ ದಂಡೆಯ ಫಿರೋಜಾಬಾದ್

ದೂರದ ಊರುಗಳು ಸಾಕು. ಕಲಬುರಗಿಯಿಂದ ಜೇವರ್ಗಿ ಕಡೆ ಹೊರಟು ಭೀಮಾ ದಂಡೆಗೆ ಹೋಗಿ. 30 ಕಿಲೋಮೀಟರ್ ಒಳಗೇ ಫಿರೋಜಾಬಾದ್ ಇದೆ. ಬಹಮನಿ ದೊರೆ ಫಿರೋಜ್ ಶಾಹ 1400ರ ಸುಮಾರಿಗೆ ಕಟ್ಟಿಸಿದ ಹೊಸ ನಗರ. ಒಂದು ಕಡೆ ನದಿ, ಉಳಿದ ಮೂರು ಕಡೆ ಕೋಟೆ ಗೋಡೆ. ಒಳಗೆ ಅರಮನೆ, ದೊಡ್ಡ ಮಸೀದಿ, ಹಮಾಮು. ಆ ಕಾಲಕ್ಕೆ ಅದು ಈಗಿನ ಯಾವ ಟೌನ್‌ಶಿಪ್ಪಿಗೂ ಕಡಿಮೆ ಇಲ್ಲದ ಯೋಜನೆ. ನೀರಿಗೆ ಕೊರತೆ ಇಲ್ಲ, ಭೀಮೆ ಕಾಲ ಬುಡದಲ್ಲಿ.

1422ರಲ್ಲಿ ಫಿರೋಜ್ ಶಾಹ ತೀರಿಕೊಂಡ. ಪಟ್ಟಕ್ಕೆ ಬಂದ ತಮ್ಮ ಅಹ್ಮದ್ ಶಾಹ ಕೆಲವೇ ವರ್ಷಗಳಲ್ಲಿ ರಾಜಧಾನಿಯನ್ನು ಬೀದರಿಗೆ ಒಯ್ದ. ಫಿರೋಜಾಬಾದ್ ಬರಿದಾಯಿತು. ನಾನು ಹೋದಾಗ ಕೋಟೆಯ ಒಳಗೆ ತೊಗರಿ ನಿಂತಿತ್ತು. ಕಮಾನಿನ ನೆರಳಲ್ಲಿ ಎಮ್ಮೆ ಮಲಗಿದ್ದವು. ಅಲ್ಲಿ ಒಂದು ಹಳ್ಳಿ ಇದೆ, ದರ್ಗಾ ಇದೆ. ನಗರ ಇಲ್ಲ.

ರಾಜಧಾನಿ ಕಳೆದುಕೊಂಡದ್ದು ಕಲಬುರಗಿಯೂ ಹೌದು. ಅದೇ ರಾಜ, ಅದೇ ಕಾಲ. ಅದು ಯಾಕೆ ಬರಿದಾಗಲಿಲ್ಲ? ನನಗೆ ತೋಚುವುದು ಇದು. ಕಲಬುರಗಿಗೆ ರಾಜನ ಹೊರತು ಬೇರೆ ಕಾರಣಗಳಿದ್ದವು. ಸೂಫಿ ಸಂತ ಖಾಜಾ ಬಂದೇ ನವಾಜರು ಇಲ್ಲಿ ನೆಲೆಸಿದ್ದರು, 1422ರಲ್ಲಿ ಇಲ್ಲೇ ಸಮಾಧಿಯಾದರು. ಉರುಸಿಗೆ ಜನ ಬರುವುದು ನಿಲ್ಲಲಿಲ್ಲ. ಶತಮಾನಗಳ ಮೇಲೆ ಶರಣಬಸವೇಶ್ವರರ ದಾಸೋಹ ಬಂತು, ಜಾತ್ರೆ ಬಂತು. ಸುತ್ತಲ ಎರಿ ಹೊಲದ ತೊಗರಿ, ಜೋಳ ಮಾರಲು ರೈತನಿಗೆ ಪೇಟೆ ಬೇಕಿತ್ತು. ಇಂದಿಗೂ ಗಂಜ್ ಎಂಬ ಧಾನ್ಯದ ಪೇಟೆಯಲ್ಲಿ ಅದೇ ನಡೆಯುತ್ತಿದೆ. ಫಿರೋಜಾಬಾದಿಗೆ ಒಂದು ಅರಮನೆಯ ಆಧಾರ ಇತ್ತು. ಅರಮನೆ ಎದ್ದು ನಡೆಯಿತು, ಊರು ಬಿತ್ತು. ಲವಾಸಾಕ್ಕೂ ಇದಕ್ಕೂ ನಡುವೆ 600 ವರ್ಷ ಇವೆ ಎಂಬುದೊಂದೇ ವ್ಯತ್ಯಾಸ.

ಇನ್ನು ಬೀದರ್. ಅದೂ ಹೊಸದಾಗಿ ಯೋಜಿಸಿದ ರಾಜಧಾನಿಯೇ. ಎತ್ತರದ ಕೆಂಪು ಕಲ್ಲಿನ ನೆಲ, ನದಿ ಹತ್ತಿರ ಇಲ್ಲ. ಬಹಮನಿಯವರು ನೆಲದ ಒಳಗೆ ಸುರಂಗ ಕೊರೆದು, ನಡುನಡುವೆ ಬಾವಿ ಬಿಟ್ಟು, ನೀರು ತಾನೇ ಹರಿದು ಬರುವಂತೆ ಮಾಡಿದರು. ನೌಬಾದ್ ಹತ್ತಿರದ ಸುರಂಗ ಬಾವಿಯನ್ನು ಈಗಲೂ ನೋಡಬಹುದು. ಪರ್ಷಿಯಾದಿಂದ ಬಂದ ಕರೇಜ್ ಎಂಬ ವಿದ್ಯೆ ಅದು. ಬೀದರಿನಲ್ಲಿ ಜನ ಉಳಿದರು.

ಇಷ್ಟು ನೋಡಿಕೊಂಡು ನಮ್ಮ ನಾಲ್ಕು ದಾರಿಗಳಿಗೆ ಬರೋಣ

ಮೊದಲು ಪುಣೆಯ ಹೊಸ ನಗರ. ಇದನ್ನು ಬೇಗ ಮುಗಿಸುತ್ತೇನೆ. ಮಗ ಅಲ್ಲಿ ಇರುವುದು ನಿಜ, ಆದರೆ ಅವನ ಆಫೀಸಿಗೂ ಆ ಜಾಗಕ್ಕೂ ಒಂದೂವರೆ ತಾಸಿನ ದಾರಿ. ಅವನೇ ಅಲ್ಲಿ ಇರುವುದಿಲ್ಲ. ಹಾಗಿದ್ದರೆ ಕೊಳ್ಳುವುದು ಬೆಲೆ ಏರಲಿ ಎಂದಷ್ಟೇ. ನಿವೃತ್ತಿಯ ಹಣಕ್ಕೆ ಇದು ಬೇಡ. ನೌಕರಿ ಇರುವ ಹರೆಯದವರು, ಮುಳುಗಿದರೂ ತಡೆದುಕೊಳ್ಳುವ ಶಕ್ತಿ ಇದ್ದವರು ಯೋಚಿಸಬಹುದು. ಆಗಲೂ ಅರ್ಧ ಊರಾದರೂ ಜನ ತುಂಬಿದ ಮೇಲೆ.

ರಿಂಗ್ ರೋಡ್ ಆಚೆಯ ಟೌನ್‌ಶಿಪ್ ಬಗ್ಗೆ ಸ್ವಲ್ಪ ಹೆಚ್ಚು ಹೇಳಬೇಕು. ಯಾಕೆಂದರೆ ನಮ್ಮಲ್ಲಿ ಹಣ ಹೋಗಿ ಸಿಕ್ಕಿಬೀಳುವುದು ಹೆಚ್ಚಾಗಿ ಇಲ್ಲೇ. ನಮ್ಮ ಕಾಕಾ 2011ರಲ್ಲಿ ಇಂಥ ಒಂದು ಕಡೆ ಎರಡು ಪ್ಲಾಟ್ ಹಿಡಿದಿದ್ದರು. ಕಮಾನು, ಕಾರಂಜಿ, ಬಣ್ಣದ ನಕ್ಷೆ ಎಲ್ಲ ಇತ್ತು. ಇಂದು ಕಮಾನಿನ ಬಣ್ಣ ಹೋಗಿದೆ. ಗುರುತಿನ ಕಲ್ಲುಗಳು ಬಳ್ಳಾರಿ ಜಾಲಿಯ ಒಳಗೆ ಎಲ್ಲೋ ಇವೆ. ತಮ್ಮ ಪ್ಲಾಟ್ ಯಾವುದು ಎಂದು ತೋರಿಸಲು ಕಾಕಾಗೆ ಸರ್ವೇಯರ್ ಬೇಕು. ಮಗಳ ಮದುವೆಗೆ ಮಾರಲು ಹೋದಾಗ ಕೊಳ್ಳುವವರೇ ಸಿಗಲಿಲ್ಲ. ಅವರು ಆ ದಿನ ಕೂತ ಕೂತಲ್ಲೇ ಸುಮ್ಮನಾದದ್ದು ನನಗೆ ಇನ್ನೂ ನೆನಪಿದೆ.

ಟೌನ್‌ಶಿಪ್ ಬೇಡವೇ ಬೇಡ ಎನ್ನುವುದಿಲ್ಲ. ಆದರೆ ಎರಡು ಸಲ ಹೋಗಿ ನೋಡಿ. ಒಮ್ಮೆ ಮೇ ತಿಂಗಳಲ್ಲಿ ಹೋಗಿ, ನೀರು ನೋಡಲು. "ನೀರ ಎಲ್ಲಿಂದ ಬರ್ತಾವ್ರಿ?" ಎಂದು ಕೇಳಿ. ಬೋರ್ ಇದೆ ಎಂದರೆ ಮೋಟರ್ ಹಚ್ಚಿಸಿ ಹತ್ತು ನಿಮಿಷ ನಿಂತು ನೋಡಿ. ಕಲಬುರಗಿ ನಗರಕ್ಕೆ ಭೀಮಾ ಮತ್ತು ಬೆಣ್ಣೆತೊರೆಯ ನೀರು ಬರುತ್ತದೆ. ಆ ಪೈಪು ನಿಮ್ಮ ಪ್ಲಾಟಿನಿಂದ ಎಷ್ಟು ದೂರದಲ್ಲಿ ನಿಂತಿದೆ ಎಂಬುದು ಕಾರಂಜಿಗಿಂತ ಮುಖ್ಯ. ಇನ್ನೊಮ್ಮೆ ಆಗಸ್ಟಿನಲ್ಲಿ ಹೋಗಿ, ಎರಡು ದಿನ ಮಳೆ ಬಿದ್ದ ಮೇಲೆ. ನಮ್ಮದು ಎರಿ ಮಣ್ಣು. ಒಣಗಿದಾಗ ಕೈ ಹೋಗುವಷ್ಟು ಬಿರುಕು, ನೆನೆದಾಗ ಬೈಕಿನ ಚಕ್ರ ತಿರುಗದಷ್ಟು ಅಂಟು. ಈ ಮಣ್ಣು ಹಿಗ್ಗುತ್ತದೆ, ಕುಗ್ಗುತ್ತದೆ, ಗೋಡೆ ಸೀಳುತ್ತದೆ. ಅಡಿಪಾಯ ಆಳಕ್ಕೆ ಹೋಗಬೇಕು, ಖರ್ಚು ಏರುತ್ತದೆ. ಪ್ಲಾಟ್ ಅಗ್ಗ ಸಿಕ್ಕಿತು ಎಂದು ಖುಷಿಪಟ್ಟವರು ಬುನಾದಿಯಲ್ಲಿ ಆ ಹಣ ಕಳೆದದ್ದನ್ನು ನೋಡಿದ್ದೇನೆ. ಸೇಡಂ ರಸ್ತೆಯ ಕೆಲವು ಕಡೆ ಸ್ವಲ್ಪ ಅಗೆದರೆ ಫರ್ಷಿ ಕಲ್ಲು ಸಿಗುತ್ತದೆ, ಅಲ್ಲಿ ಲೆಕ್ಕವೇ ಬೇರೆ. ಅಕ್ಕಪಕ್ಕದಲ್ಲಿ ಮನೆ ಕಟ್ಟಿದವರನ್ನು ಕೇಳಿಕೊಳ್ಳಿ.

ಜೊತೆಗೆ ಒಂದು ರಾತ್ರಿ 8 ಗಂಟೆಗೆ ಹೋಗಿ ದೀಪ ಎಣಿಸಿ. ಬೀದಿ ದೀಪ ಅಲ್ಲ, ಕಿಟಕಿಯ ದೀಪ.

"ವಿಮಾನ ನಿಲ್ದಾಣ ಹತ್ತಿರ ಐತ್ರಿ" ಎಂಬ ಮಾತು ಬಹಳ ಕೇಳುತ್ತೀರಿ. 2019ರ ನವೆಂಬರ್‌ನಲ್ಲಿ ನಮ್ಮ ನಿಲ್ದಾಣ ತೆರೆದಾಗ ನಾನೂ ಹೆಮ್ಮೆಪಟ್ಟವನು. ಆದರೆ ವಿಮಾನ ಹತ್ತಲು ನಾವು ವರ್ಷಕ್ಕೆ ಎಷ್ಟು ಸಲ ಹೋಗುತ್ತೇವೆ? ಅದೇ ಸೇಡಂ ರಸ್ತೆಯಲ್ಲಿ ವಿಶ್ವವಿದ್ಯಾಲಯ ಇದೆ, ಇಎಸ್‌ಐ ಆಸ್ಪತ್ರೆ ಇದೆ. ಅಲ್ಲಿಗೆ ನರ್ಸುಗಳು, ವಿದ್ಯಾರ್ಥಿಗಳು, ರೋಗಿಗಳ ಕಡೆಯವರು ದಿನಾ ಹೋಗುತ್ತಾರೆ. ದಿನಾ ಹೋಗುವ ಜಾಗದ ಸುತ್ತ ಮನೆ ಏಳುತ್ತವೆ. ಆ ಎರಡರ ನಡುವಿನ ಪ್ಲಾಟು ಒಂದು, ನಿಲ್ದಾಣದ ಆಚೆಯ ಪ್ಲಾಟು ಇನ್ನೊಂದು. ಎರಡನ್ನೂ ಒಂದೇ ಮಾತಿನಲ್ಲಿ "ಸೇಡಂ ರೋಡ್" ಎಂದು ಮಾರುತ್ತಾರೆ, ಹುಷಾರು. ಯಾದಗಿರಿಯ ಕಡೇಚೂರು ಕೈಗಾರಿಕಾ ಪ್ರದೇಶದ ಸುತ್ತಲೂ ಹೀಗೇ ಲೆಕ್ಕ ಹಾಕಿ. ಎಷ್ಟು ಎಕರೆ ಸ್ವಾಧೀನ ಆಯಿತು ಎಂಬುದಕ್ಕಿಂತ ಪಾಳಿ ಬದಲಾಗುವಾಗ ಗೇಟಿನಿಂದ ಎಷ್ಟು ಜನ ಹೊರಗೆ ಬರುತ್ತಾರೆ ಎಂದು ನಿಂತು ನೋಡಿ.

ಕಾಗದದ ಮಾತು ಚಿಕ್ಕದಾಗಿ. ಜಮೀನು ಎನ್‌ಎ ಆಗಿದೆಯಾ, ಅಂದರೆ ಭೂಕಂದಾಯ ಕಾಯ್ದೆಯಂತೆ ಕೃಷಿಯಿಂದ ಪರಿವರ್ತನೆ ಆಗಿದೆಯಾ ನೋಡಿ. ನಕ್ಷೆಗೆ ಪ್ರಾಧಿಕಾರದ ಒಪ್ಪಿಗೆ ಇದೆಯಾ ನೋಡಿ. 500 ಚದರ ಮೀಟರ್‌ಗಿಂತ ದೊಡ್ಡ ಯೋಜನೆ ಆದರೆ ರೇರಾ, ಅಂದರೆ ರಿಯಲ್ ಎಸ್ಟೇಟ್ ನಿಯಂತ್ರಣ ಕಾಯ್ದೆಯ ನೋಂದಣಿ ಇರಲೇಬೇಕು. ಆ ಕಾಯ್ದೆಯಂತೆ ಗ್ರಾಹಕರಿಂದ ಬಂದ ಹಣದ ಶೇ 70ನ್ನು ಬೇರೆ ಖಾತೆಯಲ್ಲಿಟ್ಟು ಅದೇ ಯೋಜನೆಗೆ ಖರ್ಚು ಮಾಡಬೇಕು. ಋಣಭಾರ ಪತ್ರ ತೆಗೆಸಿ. ಆಸ್ತಿಯ ದಾಖಲೆಗೆ ಪಂಚಾಯತಿ ವ್ಯಾಪ್ತಿಯಾದರೆ ಇ-ಸ್ವತ್ತು, ಪಾಲಿಕೆ ವ್ಯಾಪ್ತಿಯಾದರೆ ಇ-ಖಾತಾ ಕೇಳಿ. ಗುಂಟೆ ಲೆಕ್ಕದಲ್ಲಿ ಪಹಣಿ ಮೇಲೆ ಹೊಲ ಹಂಚಿ ಮಾರುವ ಪ್ಲಾಟಿಗೆ ಕೈ ಹಾಕಲೇಬೇಡಿ. ಇಷ್ಟೆಲ್ಲ ಸರಿ ಇದ್ದರೂ ಊರು ತುಂಬುತ್ತದೆ ಎಂಬ ಖಾತ್ರಿ ಇಲ್ಲ. ಕಾಗದ ನಿಮ್ಮ ಹಕ್ಕನ್ನು ಉಳಿಸುತ್ತದೆ, ನೆರೆಹೊರೆಯನ್ನು ತಂದುಕೊಡುವುದಿಲ್ಲ.

ಹಳೆ ಮನೆ ನನಗೆ ತುಂಬಾ ಹಿಡಿಸಿತ್ತು. ದಪ್ಪ ಕಲ್ಲಿನ ಗೋಡೆ, ಬೇಸಿಗೆಯ 44 ಡಿಗ್ರಿಯಲ್ಲೂ ಒಳಗೆ ತಂಪು. ಗಿರಣಿ ಓಣಿಯ ತುದಿಯಲ್ಲೇ. ಅಪ್ಪನ ಗುಡಿ, ಅಂದರೆ ಶರಣಬಸವೇಶ್ವರರ ಗುಡಿ, ನಡಿಗೆಯ ದೂರ. ತೊಡಕು ಎರಡು. ಮಾರುವವರು ಐದು ಜನ ಅಣ್ಣತಮ್ಮಂದಿರು, ಒಬ್ಬರ ಸಹಿ ಬಾಕಿ. ಓಣಿ ಸಣ್ಣದು, ರಾತ್ರಿ ಅಂಬುಲೆನ್ಸ್ ಬರುವುದಿಲ್ಲ. ಅಕ್ಕನಿಗೆ ಬಿಪಿ ಇದೆ. ವಯಸ್ಸಾದವರಿಗೆ ಊರ ನಡುವೆ ಇರುವುದು ಒಳ್ಳೆಯದು ಎನ್ನುತ್ತೇವೆ. ಆದರೆ ಗಾಡಿ ಬರುವ ಓಣಿ ಆಗಿರಬೇಕು. ಎಲ್ಲ ಪಾಲುದಾರರೂ ಒಂದೇ ದಿನ ಸಹಿಗೆ ಬರುವಂತಿದ್ದರೆ, ಓಣಿ ಸ್ವಲ್ಪ ಅಗಲ ಇದ್ದಿದ್ದರೆ ನಾನು ಬೇರೆ ಯಾವುದನ್ನೂ ನೋಡಲು ಬಿಡುತ್ತಿರಲಿಲ್ಲ.

ಉಳಿದದ್ದು ಪ್ರಾಧಿಕಾರದ ಬಡಾವಣೆಯ ಮರುಮಾರಾಟದ ಪ್ಲಾಟ್. ಟೌನ್‌ಶಿಪ್ಪಿನಲ್ಲಿ ಮೂವತ್ತು ನಲವತ್ತರ ಪ್ಲಾಟ್ ಬರುವ ಹಣಕ್ಕೆ ಇಲ್ಲಿ ಇಪ್ಪತ್ತು ಮೂವತ್ತರದ್ದು. ಕಮಾನು ಇಲ್ಲ. ಪಾರ್ಕಿಗೆ ಬಿಟ್ಟ ಜಾಗದಲ್ಲಿ ಹುಡುಗರು ಕ್ರಿಕೆಟ್ ಆಡುತ್ತಿದ್ದರು. ಈ ಬಡಾವಣೆಯೂ ಒಂದು ಕಾಲಕ್ಕೆ ಖಾಲಿ ಇದ್ದದ್ದೇ. ಹಂಚಿಕೆಯಲ್ಲಿ ಪ್ಲಾಟ್ ಸಿಕ್ಕವರು ವರ್ಷಗಟ್ಟಲೆ ಸುಮ್ನೆ ಬಿಟ್ಟಿದ್ದರು. ಆಮೇಲೆ ಒಂದು ಶಾಲೆ ಬಂತು. ಅದರ ಹಿಂದೆ ಶಿಕ್ಷಕರು, ಅವರ ಹಿಂದೆ ಕಿರಾಣಿ ಅಂಗಡಿ, ಹಾಲಿನವನು. ಕಾಂಗ್‌ಬಾಶಿಯಲ್ಲಿ ಆದದ್ದೇ ಇಲ್ಲಿ ಓಣಿಯ ಅಳತೆಯಲ್ಲಿ ಆಗಿತ್ತು.

ಭಾವ ಇನ್ನೂ ಅನುಮಾನದಲ್ಲಿದ್ದರು. ದೊಡ್ಡ ಪ್ಲಾಟಿನ ಆಸೆ ಬಿಡುವುದು ಕಷ್ಟ. ಅಕ್ಕ ಒಂದು ಭಾನುವಾರ ಏನೂ ಹೇಳದೆ ಜೋಳದ ಡಬ್ಬಿ ಕಾರಿನಲ್ಲಿ ಇಟ್ಟುಕೊಂಡು ಬಂದಳು. ಬಡಾವಣೆಯ ಮೂರನೇ ಕ್ರಾಸಿನಲ್ಲಿ ಗಿರಣಿ ಇತ್ತು. ಅವಳ ಮುಂದೆ ಆರು ಡಬ್ಬಿ ಸಾಲಾಗಿ ಇಟ್ಟಿದ್ದವು. ಗಿರಣಿಯವನು ತಲೆಗೆ ಟವೆಲ್ ಸುತ್ತಿಕೊಂಡು ಹಿಟ್ಟಿನ ಧೂಳಲ್ಲಿ ನಿಂತಿದ್ದ.

"ಕಾಕಾ, ಎಷ್ಟು ವರ್ಷ ಆತ್ರಿ ಗಿರಣಿ ಹಾಕಿ?" ಎಂದು ಅಕ್ಕ ಕೇಳಿದಳು.

"ನಾಲ್ಕು ವರ್ಷ ಆತು ತಂಗಿ. ಮೊದಲ ವರ್ಷ ವಾರಕ್ಕ ಎರಡ ದಿನ ಚಾಲೂ ಮಾಡ್ತಿದ್ದೆ. ಈಗ ದಿನಾ ನಡಿತದ. ಆಯಿತಾರ ಅಂತೂ ಊಟಕ್ಕೂ ಬಿಡಂಗಿಲ್ಲ."

ಡಬ್ಬಿಗಳ ಸರದಿ ಮುಗಿಯಲು ಮುಕ್ಕಾಲು ತಾಸು ಹಿಡಿಯಿತು. ಅಷ್ಟರಲ್ಲಿ ಭಾವ ಹೊರಗಿನ ಕಟ್ಟೆಯ ಮೇಲೆ ಕೂತು ಅಲ್ಲಿನ ಇಬ್ಬರು ನಿವೃತ್ತ ಮೇಷ್ಟ್ರ ಜೊತೆ ಮಾತಿಗೆ ಇಳಿದಿದ್ದರು. ಬುನಾದಿ ಎಷ್ಟು ಅಡಿ ತೆಗೆಸಿದಿರಿ, ನೀರು ಎಷ್ಟು ದಿನಕ್ಕೊಮ್ಮೆ ಬರುತ್ತದೆ, ಯಾವ ಗೌಂಡಿ ಒಳ್ಳೆಯವನು ಎಂದು ಕೇಳುತ್ತಿದ್ದರು. ಬಿಸಿ ಹಿಟ್ಟಿನ ಡಬ್ಬಿ ಹಿಡಿದು ಅಕ್ಕ ಹೊರಗೆ ಬಂದಾಗ ಅವರು ಏಳಲಿಲ್ಲ. ಇನ್ನು ಐದು ನಿಮಿಷ ಇರು ಎಂದು ಕೈ ಮಾಡಿದರು.